ಶಿಬಿರದ ಅಂಕ ಊರವರು ಕೊಡಲಿ

ಪಠ್ಯೇತರ ಚಟುವಟಿಕೆಗೂ ಅಂಕ ಇಟ್ಟರೆ ಹುಡುಗರು ಕಲಿಯುತ್ತಾರೆ ಎಂಬ ವಾದವನ್ನು ಇನ್ನೆಷ್ಟು ವರ್ಷ ಕೇಳಬೇಕು? 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ಹೆಸರಿನಲ್ಲಿ ಯೋಗ, ಕ್ರೀಡೆ, ಎನ್‌ಎಸ್‌ಎಸ್‌ಗೆಲ್ಲ ಕ್ರೆಡಿಟ್ ಅಂಟಿಸಿದರು. 2024ರಲ್ಲಿ ರಾಜ್ಯ ಸರ್ಕಾರ ಆ ನೀತಿಯ ಪದವಿ ವ್ಯವಸ್ಥೆಯನ್ನೇ ಕೈಬಿಟ್ಟಿತು. ನೀತಿ ಹೋಯಿತು, ಚಾಳಿ ಉಳಿಯಿತು: ಹಾಜರಿ ಬಿದ್ದರೆ ಅಂಕ, ಬ್ಯಾನರ್ ಹಿಡಿದ ಫೋಟೊ ಇದ್ದರೆ ವರದಿ.

ಎನ್‌ಎಸ್‌ಎಸ್ ಸ್ವಯಂಸೇವಕ ಎರಡು ವರ್ಷದಲ್ಲಿ 240 ಗಂಟೆ ದುಡಿಯಬೇಕು, ಹಳ್ಳಿಯಲ್ಲಿ ಏಳು ದಿನ ಶಿಬಿರ ಮಾಡಬೇಕು. 240 ಗಂಟೆ! ಎಣಿಸುವವರಿದ್ದಾರೆ, ಏನು ಕಲಿತೆ ಎಂದು ಕೇಳುವವರಿಲ್ಲ.

ಕೊಪ್ಪಳ ಜಿಲ್ಲೆಯ ಹಿಟ್ನಾಳಕ್ಕೆ ಬನ್ನಿ. ಇಲ್ಲಿಗೆ ಹತ್ತಿರದಲ್ಲೇ ತುಂಗಭದ್ರಾ ಅಣೆಕಟ್ಟೆ. 2024ರ ಆಗಸ್ಟ್ 10ರ ರಾತ್ರಿ ಅದರ 19ನೇ ಕ್ರಸ್ಟ್‌ಗೇಟ್ ಚೈನು ತುಂಡಾಗಿ ಕೊಚ್ಚಿಹೋಯಿತು. ಗಂಗಾವತಿಯ ಭತ್ತದ ರೈತರ ಎದೆ ನಡುಗಿತು. ಆ ಗೇಟು ಯಾಕೆ ಹೋಯಿತು, ಎಡದಂಡೆ ಕಾಲುವೆಯ ನೀರು ರಾಯಚೂರಿನ ಕೊನೆಭಾಗದ ಹೊಲಗಳಿಗೆ ಯಾಕೆ ಮುಟ್ಟುವುದಿಲ್ಲ ಎಂದು ಕಾಲುವೆ ದಂಡೆ ಹಿಡಿದು ನಡೆದು ತಿಳಿದ ವಿದ್ಯಾರ್ಥಿ ಕಲಿತಿದ್ದಾನೆ. ಶಾಲೆ ಅಂಗಳದ ಕಸ ಗುಡಿಸಿ ಫೋಟೊಗೆ ನಿಂತವನು ಕಲಿತಿಲ್ಲ. ಇಬ್ಬರಿಗೂ ಒಂದೇ ಅಂಕ!

ಶಿಬಿರದ ಕೊನೆಯ ದಿನ ಗುಡಿಕಟ್ಟೆಯ ಮುಂದೆ, ಊರವರ ಎದುರು, ಕಂಡದ್ದನ್ನು ವಿದ್ಯಾರ್ಥಿಗಳು ಹೇಳಲಿ. ‘ತಮ್ಮಾ, ನಮ್ಮ ತೂಬಿಗೆ ಎಷ್ಟು ದಿನಕ್ಕೊಮ್ಮೆ ನೀರು ಬರತೈತಿ, ಗೊತ್ತೈತೇನು?’ ಎಂದು ಒಬ್ಬ ಅಜ್ಜ ಕೇಳಲಿ. ಅದಕ್ಕಿಂತ ಕಟ್ಟುನಿಟ್ಟಾದ ಪರೀಕ್ಷೆ ಯಾವ ಕುಲಸಚಿವರ ಕಚೇರಿಯಿಂದಲೂ ಬರುವುದಿಲ್ಲ. ಹಳ್ಳಿಯವರಿಗೆ ಮೌಲ್ಯಮಾಪನ ಏನು ಗೊತ್ತು ಎನ್ನುತ್ತಾರೆ. 2019ರಲ್ಲಿ ಕೊಪ್ಪಳದ ಗವಿಮಠದ ಸ್ವಾಮೀಜಿ ಹೂಳೆತ್ತಲು ಹಿರೇಹಳ್ಳಕ್ಕೆ ಇಳಿದಾಗ ಜೊತೆಗೆ ಇಳಿದವರು ಇದೇ ಹಳ್ಳಿಗಳ ಜನ. ಹೂಳು ಹೋಯಿತೋ ಇಲ್ಲವೋ ಎಂಬುದೊಂದೇ ಅಲ್ಲಿದ್ದ ಪರೀಕ್ಷೆ.

ಇಂಥ ಶಿಬಿರ ನಡೆಸಬೇಕಾದವರು ಯಾರು? ಪ್ರತಿ ವರ್ಷ ಮರುನೇಮಕದ ಆದೇಶಕ್ಕೆ ಕಾಯುವ ಅತಿಥಿ ಉಪನ್ಯಾಸಕರು. ಕೊಪ್ಪಳ ವಿಶ್ವವಿದ್ಯಾಲಯ ಇನ್ನೂ ಕಣ್ಣು ಬಿಡುವುದರೊಳಗೆ, 2025ರಲ್ಲಿ, ಮುಚ್ಚಬೇಕಾದ ಒಂಬತ್ತು ವಿ.ವಿ.ಗಳ ಪಟ್ಟಿಗೆ ಸೇರಿತು. ಹಣವಿಲ್ಲವಂತೆ. ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ 371(ಜೆ) ವಿಧಿಯ ಹೆಸರಿನಲ್ಲಿ ಭಾಷಣ ಮಾಡಿ ಮತ ಕೇಳುವವರಿಗೆ ನಮ್ಮ ಮಕ್ಕಳ ವಿಶ್ವವಿದ್ಯಾಲಯವೇ ಮೊದಲ ದುಂದುವೆಚ್ಚವಾಗಿ ಕಾಣುತ್ತದೆ. ಮೇಷ್ಟ್ರಿಗೆ ನೆಲೆಯಿಲ್ಲದ ಕಡೆ ಹುಡುಗರ ಕಲಿಕೆಯನ್ನು ಅಳೆಯುವವರು ಯಾರು?

ಮುಂದಿನ ಶಿಬಿರದಿಂದಲೇ ಶುರುವಾಗಲಿ. ಅಂಕಪಟ್ಟಿಗೆ ಪ್ರಾಂಶುಪಾಲರಿಗಿಂತ ಮೊದಲು ಶಿಬಿರ ನಡೆದ ಊರಿನ ಐದು ಜನ ಸಹಿ ಹಾಕಲಿ.