ಹಿಂಡಲಗಾದ ಮನೆ ಕಾರ್ಯಾಗಾರ
ಬೆಳಗಾವಿ ನಗರಕ್ಕೆ ಅಂಟಿಕೊಂಡಿರುವ ಹಿಂಡಲಗಾದಲ್ಲಿ ಮನೆಯ ಕಾರ್‌ಶೆಡ್ಡನ್ನೇ ಮರಗೆಲಸಕ್ಕೂ ಕಾರಿನ ದುರಸ್ತಿಗೂ ಒದಗುವ ಕಾರ್ಯಾಗಾರವಾಗಿ ರೂಪಿಸುವವರು ಉಪಕರಣಗಳಿಗಿಂತ ಮೊದಲು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದದ್ದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಶ್ಚಿಮದಿಂದ ಬೀಸುವ ಮಳೆಗಾಳಿಯನ್ನು. ಖಾನಾಪುರ ಸೀಮೆಯ ಸಾಗುವಾನಿಯಾಗಲಿ ಮತ್ತಿಯಾಗಲಿ, ಎಷ್ಟೇ ಒಣಗಿದ್ದರೂ, ಗಾಳಿಯ ತೇವ ಹೀರಿ ಅಗಲಕ್ಕೆ ಹಿಗ್ಗುತ್ತದೆ, ಬೇಸಿಗೆಯಲ್ಲಿ ಮತ್ತೆ ಕುಗ್ಗುತ್ತದೆ. ಆದ್ದರಿಂದ ಹಲಗೆಗಳನ್ನು ನೆಲದಿಂದ ಎತ್ತರಿಸಿ, ನಡುನಡುವೆ ರೀಪುಗಳನ್ನಿಟ್ಟು ಗಾಳಿಯಾಡುವಂತೆ ಪೇರಿಸುವ ಜಾಗವನ್ನು ನಕ್ಷೆಯಲ್ಲೇ ಕಾದಿರಿಸುವುದು ವಿವೇಕ. ಸುಮಾರು 4 ಮೀಟರ್ ಉದ್ದದ ಸಣ್ಣ ಕಾರಿಗೂ 8 ಅಡಿ ಉದ್ದ, 4 ಅಡಿ ಅಗಲದ ಪ್ಲೈವುಡ್ ಹಾಳೆಗೂ ಒಂದೇ ನೆಲ ಸಾಲಬೇಕಾದುದರಿಂದ ಕೆಲಸದ ಮೇಜಿಗೆ ಚಕ್ರಗಳಿರುವುದು ಒಳಿತು. ಇವೆಲ್ಲಕ್ಕಿಂತ ಗಂಭೀರವಾದದ್ದು ಬೆಂಕಿಯ ಪ್ರಶ್ನೆ: ಪೆಟ್ರೋಲಿನ ಆವಿ ಗಾಳಿಗಿಂತ ಭಾರವಾದ್ದರಿಂದ ನೆಲಮಟ್ಟದಲ್ಲಿ, ಅದರಲ್ಲೂ ಕಾರಿನಡಿಗೆಂದು ತೋಡಿದ ಗುಂಡಿಯಲ್ಲಿ, ತಂಗುತ್ತದೆ, ಗರಗಸದ ನುಣ್ಣನೆಯ ಹುಡಿ ಗಾಳಿಯಲ್ಲಿ ದಟ್ಟವಾಗಿ ತೇಲಿದಾಗ ಒಂದು ಕಿಡಿಗೇ ಭುಗಿಲೇಳಬಲ್ಲದು. ಹೀಗಾಗಿ ಎರಡೂ ಕೆಲಸಗಳನ್ನು ಒಂದೇ ಹೊತ್ತಿನಲ್ಲಿ ಮಾಡಕೂಡದು, ಪ್ಲಗ್ಗುಗಳು ಸೊಂಟದ ಎತ್ತರದಲ್ಲಿರಬೇಕು, ಮತ್ತು ವಿದ್ಯುತ್ ಸೋರಿಕೆಯನ್ನು ಗುರುತಿಸಿ ಸಂಪರ್ಕ ಕಡಿಯುವ ಆರ್‌ಸಿಸಿಬಿ ಎಂಬ ಸಾಧನವನ್ನು ಅಳವಡಿಸಲೇಬೇಕು. ಲೇತ್ ಕೆಲಸಕ್ಕೆ ನಗರದ ಉದ್ಯಮಬಾಗದಲ್ಲಿ ಯಂತ್ರಶಾಲೆಗಳಿರುವಾಗ ಆ ಯಂತ್ರವನ್ನು ಮನೆಗೆ ತರುವ ಅಗತ್ಯವಿಲ್ಲ.