ಸಿಕ್ಕ ಮೂಳೆ ಯಾರ ಮನೆಯವರದ್ದು?

ಗೌನಿಪಲ್ಲಿಯಿಂದ ಆಂಧ್ರದ ಗಡಿ ದೂರವಿಲ್ಲ. ಟೊಮೆಟೊ ಹೇರಿಕೊಂಡು ಮದನಪಲ್ಲಿ ಮಾರುಕಟ್ಟೆಗೆ ಹೋದವರೊಬ್ಬರು ವಾಪಸ್ ಬರಲಿಲ್ಲ ಅಂದುಕೊಳ್ಳಿ. ಇಲ್ಲಿನ ಠಾಣೆಯಲ್ಲಿ ಅದು ‘ಕಾಣೆ’ ಪ್ರಕರಣ. ಗಡಿಯಾಚೆ ದೇಹ ಸಿಕ್ಕರೆ ಅಲ್ಲಿ ‘ಅಪರಿಚಿತ ಶವ’. ಎರಡೂ ಕಡತ ಒಬ್ಬರದ್ದೇ ಅಂತ ಹೇಳೋರು ಯಾರು? ಪೊಲೀಸರ ಸಿಸಿಟಿಎನ್‌ಎಸ್ ಜಾಲದಲ್ಲಿ ಫೋಟೊ, ಚಹರೆ ಹೋಲಿಸಬಹುದು. ಮೂಳೆಯಷ್ಟೇ ಉಳಿದಿದ್ದರೆ ಅದು ಸಾಲದು. ಹೆತ್ತವರ ಅಥವಾ ಮಕ್ಕಳ ಡಿಎನ್‌ಎ ಬೇಕು.

ಇದು ಗಡಿ ಊರಿನ ಸಮಸ್ಯೆ ಮಾತ್ರವಲ್ಲ. ಧರ್ಮಸ್ಥಳ ಪ್ರಕರಣದಲ್ಲಿ 2025ರ ಜುಲೈನಲ್ಲಿ ಸರ್ಕಾರ ಎಸ್‌ಐಟಿ ರಚಿಸಿತು. ಅಗೆದಾಗ ಕೆಲವೆಡೆ ಮಾನವ ಅವಶೇಷ ಸಿಕ್ಕವು. ಆಗಸ್ಟ್‌ನಲ್ಲಿ ದೂರುದಾರನನ್ನೇ ಬಂಧಿಸಲಾಯಿತು. ಆಮೇಲೆ ಟಿವಿ, ಯೂಟ್ಯೂಬ್ ಚರ್ಚೆಯೆಲ್ಲ ಯಾರು ಸುಳ್ಳು ಹೇಳಿದ್ರು ಅನ್ನೋದರ ಸುತ್ತಲೇ. ಯಾರ ಮಾತು ಸುಳ್ಳಾದರೂ ಸಿಕ್ಕ ಮೂಳೆಗೆ ಒಂದು ಹೆಸರಿತ್ತು, ಒಂದು ಮನೆಯಿತ್ತು.

ಕಾಣೆಯಾದವರ, ಅಪರಿಚಿತ ಮೃತರ ಡಿಎನ್‌ಎ ಹೋಲಿಸಲು ಅವಕಾಶ ಕೊಡುತ್ತಿದ್ದ 2019ರ ಮಸೂದೆಯನ್ನು ಕೇಂದ್ರ ಸರ್ಕಾರ 2023ರ ಜುಲೈನಲ್ಲಿ ಹಿಂಪಡೆಯಿತು. ಆರೋಪಿಗಳ ಮಾಹಿತಿಯೂ ಅದರಲ್ಲಿ ಸೇರುತ್ತಿತ್ತು. ಖಾಸಗಿತನದ ಆತಂಕ ನ್ಯಾಯವಾದದ್ದೇ. ಅದಕ್ಕೂ ದಾರಿ ಇದೆ. ಮೆಕ್ಸಿಕೋದಲ್ಲಿ ಸರ್ಕಾರದ ಮೇಲೆ ನಂಬಿಕೆ ಕಳೆದುಕೊಂಡ ಕುಟುಂಬಗಳು 2014ರಲ್ಲಿ ಸಂಶೋಧಕರ ಜೊತೆ ಸೇರಿ ತಮ್ಮದೇ ಡಿಎನ್‌ಎ ಬ್ಯಾಂಕ್ ಕಟ್ಟಲು ಹೊರಟವು. ಅದರ ಹಿಡಿತವೂ ಕುಟುಂಬಗಳದ್ದೇ.

ಗುದ್ದಲಿ ಹಿಡಿದು ಅಗೆಯೋದು ಜನರ ಕೆಲಸವಲ್ಲ, ಸಾಕ್ಷ್ಯ ಹಾಳಾಗುತ್ತೆ. ಆದರೆ ಮನೆಯವರು ಒಪ್ಪಿದರೆ ದೂರಿನ ಜೊತೆಗೇ ಅವರ ಮಾದರಿ ಪಡೆಯಲಿ, ಹುಡುಕಾಟಕ್ಕಷ್ಟೇ ಬಳಸಲಿ, ನೆರೆ ರಾಜ್ಯದ ಶವಗಳ ಜೊತೆಗೂ ಹೋಲಿಸಲಿ, ಫಲಿತಾಂಶವನ್ನು ಬರಹದಲ್ಲಿ ಕೊಡಲಿ. ಕಾಣೆಯಾದವರ ತಾಯಿಗೆ ಠಾಣೆ ಬಾಗಿಲಲ್ಲಿ ಕಾಯೋದೊಂದೇ ಪಾಲಾಗಬಾರದು.