‘ನಾವು ಸೋತೆವು’

ಗೆದ್ದ ಮರುದಿನ ‘ನಾವು ಗೆದ್ದೆವು’ ಎನ್ನುವವರು ಬಹುಮಂದಿ. ಸೋತ ಮರುದಿನ ಅವರಲ್ಲಿ ಅನೇಕರ ಬಾಯಿಂದ ‘ಅವರು ಸೋತರು’ ಎಂಬ ಮಾತು ಹೊರಡುತ್ತದೆ. ಕಾಲ್ಚೆಂಡಾಟದ ತಂಡವೊಂದನ್ನು ವರ್ಷಗಟ್ಟಲೆ ನೆಚ್ಚಿಕೊಂಡು ಬಂದ ನಿಷ್ಠಾವಂತ ಅಭಿಮಾನಿ ಮಾತ್ರ ತಲೆ ತಗ್ಗಿಸಿ ‘ನಾವು ಸೋತೆವು’ ಎನ್ನುತ್ತಾನೆ. ಆಡಿದವನು ಅವನಲ್ಲ, ಚೆಂಡನ್ನು ಅವನು ಮುಟ್ಟಲೂ ಇಲ್ಲ. ಹಾಗಿದ್ದೂ ಅವನಿಗೆ ಊಟ ಸೇರದು, ನಿದ್ರೆ ಬಾರದು. ಇದನ್ನು ಕಂಡು ನಗುವವರುಂಟು. ನಗುವುದಕ್ಕೆ ಮೊದಲು ಈ ವ್ಯಥೆಯನ್ನು ವಿಜ್ಞಾನದ ಬೆಳಕಿನಲ್ಲಿ ಪರೀಕ್ಷಿಸಿ ನೋಡುವುದು ಉಚಿತ.

ಗೌರಿಬಿದನೂರು ತಾಲ್ಲೂಕಿನ ಅಲೀಪುರದಿಂದ ಬೆಂಗಳೂರಿನ ಕಂಠೀರವ ಕ್ರೀಡಾಂಗಣಕ್ಕೆ ಹೋದ ತರುಣನೊಬ್ಬನನ್ನು ಓದುಗರು ಕಲ್ಪಿಸಿಕೊಳ್ಳಲಿ. ದಿನ 2018ರ ಮಾರ್ಚ್ 17. ಇಂಡಿಯನ್ ಸೂಪರ್ ಲೀಗ್‌ನ ಅಂತಿಮ ಪಂದ್ಯ. ಲೀಗಿನ 18 ಪಂದ್ಯಗಳಲ್ಲಿ 13ನ್ನು ಗೆದ್ದು, 40 ಅಂಕಗಳೊಡನೆ ಬೆಂಗಳೂರು ತಂಡ ಮೊದಲ ಸ್ಥಾನದಲ್ಲಿತ್ತು. ಎದುರಾಳಿ ಚೆನ್ನೈಯಿನ್ ತಂಡದ ಅಂಕಗಳು 32. ಒಂಬತ್ತನೆಯ ನಿಮಿಷದಲ್ಲಿಯೇ ಸುನಿಲ್ ಛೇತ್ರಿಯವರು ಗೋಲು ಗಳಿಸಿದಾಗ ನಮ್ಮ ತರುಣನ ಹರ್ಷಕ್ಕೆ ಪಾರವಿರಲಿಲ್ಲ. ಆದರೆ ಮೈಲ್ಸನ್ ಆಲ್ವೆಸ್ ಎರಡು ಗೋಲುಗಳನ್ನೂ ರಫೇಲ್ ಆಗಸ್ಟೊ ಒಂದನ್ನೂ ಹೊಡೆದರು. ಕೊನೆಗಳಿಗೆಯಲ್ಲಿ ಮಿಕು ಒಂದು ಗೋಲನ್ನು ಮರಳಿಸಿದರೂ ಪಂದ್ಯ 2–3ರಿಂದ ಕೈತಪ್ಪಿತು. ಮರುದಿನ ಊರಿನ ಚಹದಂಗಡಿಯ ಮುಂದೆ, ‘ಏನಪ್ಪ, ನಿಮ್ಮ ತಂಡ ಏನಾಯಿತು?’ ಎಂದು ಹಿರಿಯರು ಕೇಳಿದರೆ ಆತ ಏನು ಹೇಳಬೇಕು?

ಈ ‘ನಾವು’ ಎಂಬ ಪದವನ್ನೇ ಮನಶ್ಶಾಸ್ತ್ರಜ್ಞರು ಅಧ್ಯಯನ ಮಾಡಿದ್ದಾರೆ. 1976ರಲ್ಲಿ ರಾಬರ್ಟ್ ಚಾಲ್ಡಿನಿ ಮತ್ತು ಅವರ ಸಂಗಡಿಗರು ಅಮೆರಿಕೆಯ ಏಳು ವಿಶ್ವವಿದ್ಯಾನಿಲಯಗಳಲ್ಲಿ ನಡೆಸಿದ ವೀಕ್ಷಣೆಯನ್ನು ಪ್ರಕಟಿಸಿದರು. ತಮ್ಮ ತಂಡ ಗೆದ್ದ ವಾರದ ಸೋಮವಾರ, ವಿದ್ಯಾರ್ಥಿಗಳು ವಿಶ್ವವಿದ್ಯಾನಿಲಯದ ಹೆಸರಿರುವ ಉಡುಪನ್ನು ಹೆಚ್ಚಾಗಿ ತೊಟ್ಟು ಬರುತ್ತಿದ್ದರು. ಪಂದ್ಯವನ್ನು ವರ್ಣಿಸುವಾಗ ‘ನಾವು’ ಎಂಬ ಪದವೂ ಸೋಲಿಗಿಂತ ಗೆಲುವಿನ ಸಂದರ್ಭದಲ್ಲಿಯೇ ಹೆಚ್ಚಾಗಿ ಬರುತ್ತಿತ್ತು. ಪರರ ಗೆಲುವಿನ ಬಿಸಿಲಿನಲ್ಲಿ ಮೈ ಕಾಯಿಸಿಕೊಳ್ಳುವುದು ಮನುಷ್ಯ ಸಹಜ. ಸೋಲಿನ ನೆರಳಿನಲ್ಲಿಯೂ ನಿಲ್ಲುವವನು ವಿರಳ. ಅಂಥವನನ್ನು ಹುಚ್ಚನೆಂದು ಕರೆಯುವುದು ಅನ್ಯಾಯ.

ಆದರೆ ಈ ನಿಷ್ಠೆಗೆ ದೇಹವೂ ಬೆಲೆ ತೆರುತ್ತದೆಂಬುದನ್ನು ಮರೆಯಲಾಗದು. 2006ರ ವಿಶ್ವಕಪ್ ಜರ್ಮನಿಯಲ್ಲಿ ನಡೆದಾಗ ಮ್ಯೂನಿಕ್ ಪ್ರದೇಶದ ವೈದ್ಯರು ಹೃದಯದ ತುರ್ತು ಪ್ರಕರಣಗಳನ್ನು ಲೆಕ್ಕವಿಟ್ಟರು. ಜರ್ಮನ್ ತಂಡ ಆಡಿದ ದಿನಗಳಲ್ಲಿ ಅವು ಸಾಮಾನ್ಯ ದಿನಗಳ 2.66ರಷ್ಟಾದುವೆಂದು 2008ರಲ್ಲಿ ಪ್ರಕಟವಾದ ವರದಿ ತಿಳಿಸುತ್ತದೆ. ಜರ್ಮನಿ ಗೆದ್ದ ಅರ್ಜೆಂಟೀನದ ವಿರುದ್ಧದ ಪಂದ್ಯದಂದೂ ಸಂಖ್ಯೆ ಏರಿತ್ತು. ಹೃದಯವನ್ನು ಪೀಡಿಸುವುದು ಸೋಲೊಂದೇ ಅಲ್ಲ, ಪಂದ್ಯದ ಉದ್ವೇಗವೂ ಹೌದು. ಮೊದಲೇ ಹೃದ್ರೋಗವಿರುವ ಹಿರಿಯರು ಔಷಧಿಯನ್ನು ಮರೆತು ಪಂದ್ಯ ನೋಡುವುದು ಸಲ್ಲದು. ಎದೆನೋವು ಕಂಡರೆ ಆಟ ಮುಗಿಯಲೆಂದು ಕಾಯುವುದಂತೂ ಸರ್ವಥಾ ಕೂಡದು.

ಇನ್ನು ಸಾಂತ್ವನದ ಮಾತು. ‘ಈ ದುಃಖ ಎಂದಿಗೂ ಆರದು’ ಎಂದು ಅಭಿಮಾನಿಗೆ ತೋರುತ್ತದೆ. ಪಂದ್ಯದ ಫಲಿತಾಂಶ ತಮ್ಮ ಮನಸ್ಸನ್ನು ಎಷ್ಟು ಕಾಲ ಆಳುವುದೆಂದು ವರ್ಜೀನಿಯದ ವಿದ್ಯಾರ್ಥಿಗಳನ್ನು ಟಿಮೊಥಿ ವಿಲ್ಸನ್ ಮೊದಲಾದವರು ಮುಂಚಿತವಾಗಿ ಕೇಳಿದರು. ಅವರ ಊಹೆ ವಾಸ್ತವವನ್ನು ಮೀರಿತ್ತೆಂದು 2000ದಲ್ಲಿ ಪ್ರಕಟವಾದ ಅವರ ಲೇಖನ ತೋರಿಸಿತು. ಮುಂದಿನ ದಿನಗಳಲ್ಲಿ ತಾವು ಮಾಡಲಿರುವ ನಿತ್ಯದ ಕೆಲಸಗಳನ್ನು ಮೊದಲೇ ಬರೆದವರ ಊಹೆ ಅಷ್ಟಾಗಿ ತಪ್ಪಲಿಲ್ಲ. ಪಾಠ, ಊಟ, ಗೆಳೆಯರು, ಮನೆಗೆಲಸ – ಇವು ಸೋಲನ್ನು ತಾವಾಗಿಯೇ ಪಕ್ಕಕ್ಕೆ ಸರಿಸುತ್ತವೆ.

ಎರಡನೆಯ ಸಾಂತ್ವನ ಗಣಿತದ್ದು. ನಮ್ಮ ತಂಡದ ಗೆಲುವಿನ ಸಂಭವ ಎದುರಾಳಿಯ ಎರಡರಷ್ಟಿದೆಯೆಂದು ಇಟ್ಟುಕೊಳ್ಳೋಣ. ದಾಳವನ್ನುರುಳಿಸಿ 1ರಿಂದ 4ರವರೆಗೆ ಬಿದ್ದರೆ ಗೆಲುವು, 5 ಅಥವಾ 6 ಬಿದ್ದರೆ ಸೋಲು ಎಂದಂತೆ. ಇಷ್ಟು ಮೇಲುಗೈ ಇದ್ದರೂ ಸರಾಸರಿ ಮೂರಕ್ಕೊಂದು ಸಲ ಸೋಲು ಬಂದೇ ಬರುತ್ತದೆ. ಗೋಲುಗಳು ಅತ್ಯಲ್ಪವಾದ ಈ ಆಟದಲ್ಲಿ ಕಂಬಕ್ಕೆ ತಗಲಿದ ಒಂದು ಚೆಂಡು ಫಲಿತಾಂಶವನ್ನು ತಿರುಗಿಸಬಲ್ಲದು. ಒಂದೇ ಪ್ರಯೋಗದಿಂದ ಸಿದ್ಧಾಂತವನ್ನು ಸ್ಥಾಪಿಸದ ನಾವು, ತಂಡದ ಯೋಗ್ಯತೆಯನ್ನು ಒಂದೇ ಸಂಜೆಯಿಂದ ಅಳೆಯಬಹುದೆ? ಹದಿನೆಂಟು ಪಂದ್ಯಗಳ ಸಾಕ್ಷ್ಯ ಹೆಚ್ಚು ದೊಡ್ಡದು. ಇದರಿಂದ ಗೆದ್ದವರ ಕೀರ್ತಿಗೆ ಕುಂದಿಲ್ಲ; ಆ ದಿನದ ಆಟವನ್ನು ಅವರು ಗೆದ್ದರು, ಕಪ್ಪು ಅವರದೇ.

ಈ ಲೆಕ್ಕ ತಿಳಿಯದಿದ್ದಾಗ ಮನಸ್ಸು ಬೇರೆ ಕಾರಣಗಳನ್ನು ಹುಡುಕುತ್ತದೆ. ‘ನಾನು ಹಳೆಯ ಅಂಗಿ ಹಾಕಲಿಲ್ಲ’, ‘ಯಾರದೋ ದೃಷ್ಟಿ ತಗಲಿತು’ ಎಂಬ ಮಾತುಗಳು ಹುಟ್ಟುತ್ತವೆ. ಅಲೀಪುರವಿರುವ ತಾಲ್ಲೂಕಿನದೇ ಹೊಸೂರಿನಲ್ಲಿ ಹುಟ್ಟಿ ಭೌತವಿಜ್ಞಾನದ ಅಧ್ಯಾಪಕರಾದ ಡಾ. ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡಗಳನ್ನೂ ಮೂಢನಂಬಿಕೆಗಳನ್ನೂ ಪರಿಶೀಲಿಸಲು ಸಮಿತಿಯನ್ನು ರಚಿಸಿದ್ದನ್ನು ಇಲ್ಲಿ ನೆನೆಯಬೇಕು. ಪ್ರಶ್ನಿಸದೆ ಯಾವುದನ್ನೂ ಒಪ್ಪಬಾರದೆಂಬ ಅವರ ಪಾಠ ಆಟದ ಅಂಗಳಕ್ಕೂ ಸಲ್ಲುತ್ತದೆ. ಅಂಗಿಯನ್ನು ದೂರುವುದು ನಗೆಯಲ್ಲಿ ಮುಗಿಯಬಹುದು. ತಪ್ಪಿದ ಆಟಗಾರನನ್ನೋ ತೀರ್ಪುಗಾರನನ್ನೋ ದ್ವೇಷಿಸುವುದು ಕ್ರೌರ್ಯವಾದೀತು.

2018ರಲ್ಲಿ ಅತ್ತವರು ಸರಿಯಾಗಿ ಒಂದು ವರ್ಷಕ್ಕೆ, 2019ರ ಮಾರ್ಚ್ 17ರಂದು, ಮುಂಬಯಿಯಲ್ಲಿ ಗೋವಾ ತಂಡದ ಮೇಲೆ ಬಂದ ಜಯವನ್ನು ಕಂಡರು. 2023ರಲ್ಲಿಯೂ 2025ರಲ್ಲಿಯೂ ಬೆಂಗಳೂರು ಮತ್ತೆ ಅಂತಿಮ ಪಂದ್ಯಗಳನ್ನು ಸೋತಿತು. ರಾಜ್ಯ ತಂಡದ ಅಭಿಮಾನಿಗಳ ತಾಳ್ಮೆ ಇನ್ನೂ ದೊಡ್ಡದು. ಮೈಸೂರು ಎಂಬ ಹೆಸರಿನಲ್ಲಿ 1968–69ರಲ್ಲಿ ಗೆದ್ದ ಸಂತೋಷ್ ಟ್ರೋಫಿ ಕರ್ನಾಟಕಕ್ಕೆ ಮರಳಿದ್ದು 54 ವರ್ಷಗಳ ಮೇಲೆ, 2023ರ ಮಾರ್ಚ್ 4ರಂದು, ರಿಯಾದ್ ನಗರದಲ್ಲಿ.

ಆದುದರಿಂದ ಅಲೀಪುರದ ನಮ್ಮ ತರುಣ ಚಹದಂಗಡಿಯ ಮುಂದೆ ಧೈರ್ಯವಾಗಿ ‘ನಾವು ಸೋತೆವು’ ಎನ್ನಲಿ. ಕೇಳಿದ ಹಿರಿಯರು ಅವನನ್ನು ನಗೆಪಾಟಲು ಮಾಡದೆ ಒಂದು ಲೋಟ ಚಹ ಕೊಡಿಸಲಿ. ಸೋಲಿನಲ್ಲಿ ‘ನಾವು’ ಎನ್ನಬಲ್ಲವನು ಊರಿನ ಕಷ್ಟದಲ್ಲಿಯೂ ‘ನಾವು’ ಎಂದಾನೆಂಬ ಭರವಸೆ ನಮಗಿದೆ.